ಬ್ಲಾಕ್‌ಔಟ್ ಆದಾಗ ಒಳಗಡೆ ಏನಾಗುತ್ತೆ

ಎಲ್ರಿಗೂ ನಮಸ್ಕಾರ. ಬ್ಯಾಕ್‌ಸ್ಟೇಜ್ ಬಗ್ಗೆ ಮಾತಾಡಿ ಅಂತ ಕರ್ದಿದ್ದೀರ, ಆದ್ರೆ ಅದು ದೊಡ್ಡ ಸಮುದ್ರ, ನಾನು ಬರೀ ಬ್ಲಾಕ್‌ಔಟ್ ಬಗ್ಗೆ, ಅಂದ್ರೆ ನಾಟಕದ ಮಧ್ಯೆ ದೃಶ್ಯ ಬದಲಾಯಿಸೋಕೆ ಸ್ಟೇಜ್ ಲೈಟೆಲ್ಲ ಆರಿಸ್ತೀವಲ್ಲ, ಅದ್ರ ಬಗ್ಗೆ ಹೇಳ್ತೀನಿ. ಪ್ರೇಕ್ಷಕರಿಗೆ ಅದು 15 ಸೆಕೆಂಡ್ ಕತ್ತಲು ಅಷ್ಟೇ. ಒಳಗಡೆ ಅದೇ ಹೊತ್ತಲ್ಲಿ ಇಬ್ರು ಮಂಚ ಎತ್ಕೊಂಡು ಸ್ಟೇಜ್ ಪಕ್ಕದ ಮರೆಗೆ, ಅಂದ್ರೆ ಎಡಗಡೆ ವಿಂಗ್‌ಗೆ ಹೋಗ್ತಿರ್ತಾರೆ, ಇನ್ನೊಬ್ಬ ಸಿಂಹಾಸನ ತರ್ತಿರ್ತಾನೆ, ನಟಿ ಸೆರಗು ಸರಿ ಮಾಡ್ಕೊಂಡು ತನ್ನ ಜಾಗಕ್ಕೆ ಬಂದು ನಿಂತಿರ್ತಾಳೆ, ಯಾರೂ ಯಾರಿಗೂ ಡಿಕ್ಕಿ ಹೊಡೆಯೋ ಹಾಗಿಲ್ಲ, ಸದ್ದೂ ಮಾಡೋ ಹಾಗಿಲ್ಲ.

ಇದಕ್ಕೆ ನೆಲದ ಮೇಲೆ ಉಗುರಿನಷ್ಟು ಅಗಲದ, ಕತ್ತಲಲ್ಲಿ ಹೊಳೆಯೋ ರೇಡಿಯಂ ಟೇಪ್ ಅಂಟಿಸಿರ್ತೀವಿ. ಮಂಚಕ್ಕೆ ಹಿಂದಿನ ಎರಡು ಕಾಲಿನ ಗುರುತು ಸಾಕು, ಜಾಸ್ತಿ ಅಂಟಿಸಿದ್ರೆ ಮುಂದಿನ ಸಾಲಲ್ಲಿ ಕೂತವ್ರಿಗೂ ಮಿನುಗುತ್ತೆ. ಇನ್ನೊಂದು, ಇದು ನನಗೆ ಹಿರಿಯರೊಬ್ರು ಹೇಳಿಕೊಟ್ಟಿದ್ದು, ಲೈಟ್ ಆರೋಕೆ ಒಂದೆರಡು ನಿಮಿಷ ಮೊದ್ಲೇ ವಿಂಗ್‌ನಲ್ಲಿ ನಿಂತು ಒಂದು ಕಣ್ಣು ಮುಚ್ಕೊಂಡಿರ್ಬೇಕು, ಆ ಕಣ್ಣು ಕತ್ತಲಿಗೆ ಸ್ವಲ್ಪ ಹೊಂದ್ಕೊಂಡಿರುತ್ತೆ, ಲೈಟ್ ಆರಿದ ತಕ್ಷಣ ಅದನ್ನ ತೆರೆದ್ರೆ ದಾರಿ ಕಾಣುತ್ತೆ.

ನಾಟಕದಲ್ಲಿ ಬಳಸೋ ಸಾಮಾನು ಇಡೋ ಪ್ರಾಪರ್ಟಿ ಟೇಬಲ್ ಮೇಲೆ ಬಿಳಿ ಹಾಳೆ ಹಾಸಿ, ಒಂದೊಂದು ವಸ್ತು ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೀರಿ. ಲೋಟದ ಜಾಗದಲ್ಲಿ ಲೋಟ, ಕತ್ತಿ ಜಾಗದಲ್ಲಿ ಕತ್ತಿ. ಗೆರೆ ಒಳಗೆ ಖಾಲಿ ಕಂಡ್ರೆ ಏನೋ ಸ್ಟೇಜ್ ಮೇಲೇ ಉಳಿದಿದೆ ಅಂತ ಆ ಕ್ಷಣಕ್ಕೇ ಗೊತ್ತಾಗುತ್ತೆ.

ಇನ್ನು ನಾವು ಮಾಡದೇ ಆಗೋ ಬ್ಲಾಕ್‌ಔಟ್. ಒಂದು ಊರಲ್ಲಿ ಶಾಲೆ ಮೈದಾನದ ಶೋ, ಸಾವಿರ ವ್ಯಾಟಿನ 12 ಲೈಟು, ಅಂದ್ರೆ 230 ವೋಲ್ಟಲ್ಲಿ 50 ಆಂಪಿಯರ್ ಮೇಲೆ, ಅದೇ ಲೈನಿಗೆ ಯಾರೋ ಕಾಫಿ ಬಾಯ್ಲರ್ ಹಾಕ್ಬಿಟ್ರು, ಎಲ್ಲ ಟ್ರಿಪ್ ಆಗೋಯ್ತು. ನಟಿ ಮಾತು ನಿಲ್ಲಿಸ್ಲಿಲ್ಲ, ಮೇಳದವ್ರು ಹಾಡಿನ ಪಲ್ಲವೀನೇ ಮತ್ತೆ ಮತ್ತೆ ಹಾಡಿದ್ರು, ನಾವು ಟಾರ್ಚ್ ಬಾಯಲ್ಲಿ ಕಚ್ಕೊಂಡು ನಾಲ್ಕು ಲೈಟಿನ ಪ್ಲಗ್ ಕಿತ್ತು, ಬಾಯ್ಲರ್‌ನೂ ಬಿಡಿಸಿ, ಉಳಿದ ಎಂಟರಲ್ಲೇ ನಾಟಕ ಮುಗಿಸಿದ್ವಿ. ಆವತ್ತಿಂದ ಯಾವ ಊರಿಗೆ ಹೋದ್ರೂ ಕಾಫಿ ಕುಡಿಯೋ ಮೊದ್ಲು ಮೇನ್ ಬೋರ್ಡ್ ನೋಡ್ತೀನಿ.

ಹಿಂದೆ ಉಪ್ಪುನೀರಿನ ಡಿಮ್ಮರ್ ಇರೋದು, ಪಿಂಗಾಣಿ ಪೈಪಲ್ಲಿ ಉಪ್ಪುನೀರು ತುಂಬಿ, ಲೋಹದ ತುಂಡನ್ನ ಇಳಿಸಿದ್ರೆ ಬೆಳಕು ಏರೋದು, ಎತ್ತಿದ್ರೆ ಇಳಿಯೋದು, ಕೈ ನಡುಗಿದ್ರೆ ಬೆಳಕೂ ನಡುಗೋದು. ಈಗ ಲೈಟ್ ಬೋರ್ಡಲ್ಲಿ ಬಟನ್ ಒತ್ತಿದ್ರೆ ಆಯ್ತು, ಆದ್ರೆ ಯಾವಾಗ ಒತ್ಬೇಕು ಅನ್ನೋದು ಬೋರ್ಡಿಗೆ ಗೊತ್ತಿಲ್ಲ. ಯಾವ ಲೈಟು ಯಾವಾಗ ಅಂತ ಬರೆದಿಡೋ ಕ್ಯೂ ಶೀಟಲ್ಲಿ 'ಕೊನೇ ಮಾತಾದ್ಮೇಲೆ' ಅಂತ ಬರೆದಿರುತ್ತೆ, ಆದ್ರೆ ಆ ಮಾತಾದ್ಮೇಲೆ ನಟ ಒಂದು ಉಸಿರು ಬಿಡ್ತಾನೆ ನೋಡಿ, ಆ ಉಸಿರಿಗೆ ಕಾಯ್ಬೇಕು. ದಿನಾ ಒಂದೇ ಹೊತ್ತಿಗೆ ಬರಲ್ಲ ಅದು. ಅದಕ್ಕೇ ಲೈಟಿನವ್ರು ರಿಹರ್ಸಲ್‌ಗೆ ಮೊದಲ ದಿನದಿಂದ ಬರ್ಬೇಕು ಅಂತ ನಾನು ಎಲ್ಲ ಕಡೆ ಜಗಳ ಆಡೋದು.

ಹೆಗ್ಗೋಡಿನ ನೀನಾಸಂನವ್ರ ನಾಟಕ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ, ಅಲ್ಲಿ ಸಂಜೆ ಬಣ್ಣ ಹಚ್ಚೋರೇ ಮಧ್ಯಾಹ್ನ ಸೆಟ್ ಹೊರ್ತಾರೆ. ಹಾಗೆ ಹೊತ್ತ ನಟ ಕತ್ತಲಲ್ಲಿ ಮಂಚ ಎತ್ತೋರ ದಾರಿಗೆ ಅಡ್ಡ ನಿಲ್ಲಲ್ಲ, ನಾನೇ ನೋಡಿದೀನಿ.

ಸರಿ, ಸ್ಟೇಜ್ ಮೇಲೆ ಒಂದು ಮಂಚ ಇಟ್ಟಿದೀವಿ, ಟೇಪೂ ಅಂಟಿಸಿದೀವಿ. ನಾಲ್ಕು ಜನ ಮೇಲೆ ಬನ್ನಿ. ಚಪ್ಪಲಿ ಬಿಟ್ಟು ಬನ್ನಿ, ಸದ್ದಾಗುತ್ತೆ. ಈಗ್ಲೇ ಒಂದು ಕಣ್ಣು ಮುಚ್ಕೊಳ್ಳಿ, ನಾನು ಹೇಳ್ದಾಗ ಲೈಟ್ ಆರಿಸ್ತಾರೆ.