ಎಕರೆಗೆ ಎಷ್ಟ್ ಟನ್ ಬಿತ್ತರಿ?

ಕೇಳುಗರಿಗೆ ನಮಸ್ಕಾರ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಯಾವ ಚಹಾದಂಗಡಿಗೆ ಹೋದರೂ ಒಂದೇ ಪ್ರಶ್ನೆ: "ಎಕರೆಗೆ ಎಷ್ಟ್ ಟನ್ ಬಿತ್ತರಿ?" ಅಂದರೆ ಎಷ್ಟು ಟನ್ ಕಬ್ಬು ಬಂತು ಅಂತ. ಅದರಲ್ಲಿ ಸಕ್ಕರೆ ಎಷ್ಟಿತ್ತು ಅಂತ ಯಾರೂ ಕೇಳುವುದಿಲ್ಲ. ಯಾಕೆ ಕೇಳಬೇಕು? ದುಡ್ಡು ಬರುವುದು ಕಾಟಾದ ಮೇಲಿನ ತೂಕಕ್ಕೆ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲಿಗೆ 355 ರೂಪಾಯಿ. ಅದು ಶೇಕಡಾ 10.25 ಸಕ್ಕರೆ ಇಳುವರಿಗೆ. ಅಂದರೆ 100 ಕೆಜಿ ಕಬ್ಬು ನುರಿಸಿದರೆ ಹತ್ತೂಕಾಲು ಕೆಜಿ ಸಕ್ಕರೆ ಸಿಗಬೇಕು. ಇಳುವರಿ ಜಾಸ್ತಿಯಾದರೆ ದರವೂ ಏರುತ್ತದೆ. ಆದರೆ ಆ ಇಳುವರಿ ನಿಮ್ಮ ಹೊಲದ್ದಲ್ಲ, ಇಡೀ ಕಾರ್ಖಾನೆಯ ಸರಾಸರಿ. ನೀವು ಬಲಿತ ಕಬ್ಬು ಕಳಿಸಿ, ಪಕ್ಕದ ಹೊಲದವರು ಎಳೆಯದು ಕಳಿಸಲಿ, ಟನ್ನಿಗೆ ರೇಟು ಒಂದೇ.

ಕಟಾವಿಗೆ ಎರಡು ವಾರ ಮುಂಚೆ ನೀರು ನಿಲ್ಲಿಸಿ, ಸಕ್ಕರೆ ಕೂಡುತ್ತದೆ ಅಂತ ಕೃಷಿ ತಜ್ಞರು ಹೇಳುತ್ತಲೇ ಇದ್ದಾರೆ. ರೈತರು ಹೂಂ ಅಂತಾರೆ, ಹೊಲಕ್ಕೆ ಹೋಗಿ ನೀರು ಬಿಡುತ್ತಾರೆ. ತಿಳಿವಳಿಕೆ ಇಲ್ಲ ಅಂತ ಸುಮ್ನೆ ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನೀರು ಕುಡಿದ ಕಬ್ಬು ತೂಕ ಬರುತ್ತದೆ ಅನ್ನುವ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು. ಕಡಿಯುವ ಗ್ಯಾಂಗಿಗೂ ಕೂಲಿ ಟನ್ನಿನ ಮೇಲೆ. ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಲಿಯುತ್ತಾ ಕೂತರೆ ಅವರಿಗೆ ಲುಕ್ಸಾನು, ಅದಕ್ಕೇ ನಿಂತ ಕಬ್ಬಿಗೆ ಬೆಂಕಿ ಬೀಳುತ್ತದೆ.

ಇನ್ನು ಆಟೋ ಸ್ಟಾರ್ಟರ್ ನೋಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ. ಪಂಪ್ ನಡೆಸುವ ತ್ರೀ ಫೇಸ್ ಕರೆಂಟ್ ಬರುವುದು ದಿನಕ್ಕೆ ಕೆಲವೇ ತಾಸು, ಎಷ್ಟೋ ಸಲ ರಾತ್ರಿ. ಹಾವು ಚೇಳಿನ ಕತ್ತಲಲ್ಲಿ ಯಾರು ಎದ್ದು ಹೋಗುತ್ತಾರೆ? ಸ್ವಿಚ್ಚನ್ನು 'ಆಟೋ'ಗೆ ತಿರುಗಿಸಿಟ್ಟರೆ ಮುಗಿಯಿತು. ಕರೆಂಟ್ ಬಂದರೆ ಮೋಟರ್ ಚಾಲೂ, ಹೋದರೆ ಬಂದ್. ಇವತ್ತು ಕಬ್ಬಿಗೆ ನೀರು ಬೇಕಾ, ಬೇಡವಾ? ಆ ಪ್ರಶ್ನೆ ಯಾರ ತಲೆಗೂ ಬರಲೇ ಇಲ್ಲ. ಕೃಷ್ಣಾ, ಘಟಪ್ರಭಾ ದಂಡೆಯಲ್ಲಿ ನೀರು ಹೆಚ್ಚಾಗಿ, ಉಪ್ಪೇರಿ ಸವಳು-ಜವಳಾದ ಹೊಲ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಹಾಗಂತ ಎಲ್ಲರೂ ಕಾಟಾ ಹೇಳಿದಂತೆ ಕುಣಿಯುವುದಿಲ್ಲ. ರವದಿ ಸುಡದೆ ಸಾಲು ಬಿಟ್ಟು ಸಾಲಿಗೆ ಹಾಸಿ, ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕುಳೆ ಬೆಳೆ ತೆಗೆಯುವವರಿದ್ದಾರೆ. ಸಾಲಿನ ಅಂತರ ನಾಲ್ಕೈದು ಅಡಿ ಬಿಟ್ಟು ನಡುವೆ ಸೋಯಾ, ಉಳ್ಳಾಗಡ್ಡಿ ಹಾಕುವವರಿದ್ದಾರೆ. ಇಂಥವರು ಏನೇ ಹೊಸದಿದ್ದರೂ ಮೊದಲು ಹತ್ತು ಗುಂಟೆಯಲ್ಲಿ ಮಾಡಿ ನೋಡುತ್ತಾರೆ. ಕೆಟ್ಟರೆ ಹತ್ತು ಗುಂಟೆ ಕೆಟ್ಟೀತು, ಉಳಿದದ್ದು ಮನೆ ನಡೆಸುತ್ತದೆ.

ಮೊದಲು ಸಣ್ಣದಾಗಿ ಮಾಡಿ ನೋಡುವ ಈ ರೂಢಿಯನ್ನು ಕಾರ್ಖಾನೆಗಳೂ ಕಲಿಯಬಹುದಲ್ವಾ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಒಬ್ಬೊಬ್ಬ ರೈತನ ಕಬ್ಬಿನ ರಸವನ್ನೂ ಪರೀಕ್ಷಿಸಿ, ಸಕ್ಕರೆ ಅಂಶ ನೋಡಿ ದುಡ್ಡು ಕೊಡುತ್ತಾರೆ. ನಮ್ಮಲ್ಲಿ ಹಿಡುವಳಿ ಚಿಕ್ಕವು, ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲು ಉದ್ದ. ಕಷ್ಟ ಇದೆ, ಒಪ್ಪೋಣ. ಒಂದು ಹಂಗಾಮು, ತಾವಾಗಿ ಮುಂದೆ ಬಂದ ರೈತರ ಲೋಡಿಗಷ್ಟೇ ಈ ಪರೀಕ್ಷೆ ಮಾಡಿ ನೋಡಲಿ. ತಿಳಿದವರು ಬೇಕೆಂದರೆ ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಈ ಸಲ ದರದ ಸಭೆಗೆ ಹೋದಾಗ ಈ ಮಾತನ್ನೂ ಎತ್ತಿ. ನಮಸ್ಕಾರ.