ಖಾಲಿ ಹಡಗಿನ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಮುಧೋಳ, ಜಮಖಂಡಿ ಕಡೆಯವರಿಗೆ ಇದು ಗೊತ್ತಿರುವ ನೋಟ. ಕಬ್ಬು ತುಂಬಿದ ಟ್ರಾಲಿ ನೆಲ ಹಿಡಿದು ಹೋಗುತ್ತದೆ. ಕಾರ್ಖಾನೆಯಲ್ಲಿ ಇಳಿಸಿ ಬರುವಾಗ ಅದೇ ಟ್ರಾಲಿ ರಸ್ತೆ ತುಂಬ ಕುಣಿಯುತ್ತದೆ. ಹಡಗಿನದೂ ಇದೇ ಪಾಡು. ಸರಕು ಇಲ್ಲದಿದ್ದರೆ ಎತ್ತರಕ್ಕೆ ತೇಲುತ್ತದೆ, ಅಲೆಗೆ ವಾಲುತ್ತದೆ. ಅದಕ್ಕೇ ಸರಕು ಇಳಿಸಿದ ಬಂದರಿನಲ್ಲೇ ತನ್ನ ಟ್ಯಾಂಕುಗಳಿಗೆ ನೀರು ತುಂಬಿಕೊಳ್ಳುತ್ತದೆ. ದೊಡ್ಡ ಹಡಗಾದರೆ ಸಾವಿರಾರು ಟನ್. ಇದೇ ಬ್ಯಾಲಾಸ್ಟ್ ನೀರು. ಮುಂದಿನ ಬಂದರಿನಲ್ಲಿ ಸರಕು ಏರಿಸುವಾಗ ಅದನ್ನು ಅಲ್ಲೇ ಬಿಡುತ್ತಾರೆ.

ಬರುವುದು ಬರೀ ನೀರಲ್ಲ. ಮೀನಿನ ತತ್ತಿ, ಚಿಪ್ಪಿನ ಮರಿ, ಪಾಚಿ, ರೋಗಾಣು ಎಲ್ಲ ಜೊತೆಗೇ ಬರುತ್ತವೆ. ಹೆಚ್ಚಿನವು ಸಾಯುತ್ತವೆ. ಉಳಿದ ಒಂದೆರಡು ಜಾತಿ ಸಾಕು. ನಮ್ಮ ಬದುವಿನ ಕಾಂಗ್ರೆಸ್ ಕಸ ನೋಡಿ. ಹೊರದೇಶದ ಗೋಧಿಯ ಜೊತೆ ಬಂತು ಅನ್ನುತ್ತಾರೆ. ಇವತ್ತಿಗೂ ಕೀಳುತ್ತಲೇ ಇದ್ದೇವೆ, ಅಲ್ವಾ? ಹೊಲದ ಕಸವನ್ನಾದರೂ ಕೀಳಬಹುದು. ಸಮುದ್ರದೊಳಗಿನದನ್ನು ಯಾರು ಕೀಳಬೇಕು?

1980ರ ದಶಕದಲ್ಲಿ ಅಮೆರಿಕದ ಕರಾವಳಿಯ ಒಂದು ಲೋಳೆ ಜೀವಿ ಹೀಗೇ ಕಪ್ಪು ಸಮುದ್ರ ಸೇರಿತು. ಹೆಸರು ಬಾಚಣಿಗೆ ಜೆಲ್ಲಿ. ಅಲ್ಲಿ ಅದನ್ನು ತಿನ್ನುವವರೇ ಇರಲಿಲ್ಲ. ಆಂಚೊವಿ ಎಂಬ ಸಣ್ಣ ಮೀನಿನ ತತ್ತಿ, ಮರಿ, ಮರಿಗಳ ಆಹಾರ, ಎಲ್ಲವನ್ನೂ ಅದು ತಿಂದಿತು. ಜಾಸ್ತಿ ಹಿಡಿದು ಆ ಮೀನು ಮೊದಲೇ ಸೊರಗಿತ್ತು. ದಶಕ ಮುಗಿಯುವಷ್ಟರಲ್ಲಿ ಮೀನುಗಾರಿಕೆ ಕುಸಿಯಿತು. ಇದನ್ನು ಓದಿದಾಗಲೆಲ್ಲ ನನಗೆ ಬೆಳೆ ಹೋದ ವರ್ಷದ ನಮ್ಮ ರೈತರ ಮನೆಗಳೇ ಕಣ್ಣಿಗೆ ಬರುತ್ತವೆ.

ತಡೆಯುವ ದಾರಿ ಇದೆ. 2004ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ನಿಯಮ 2017ರ ಸೆಪ್ಟೆಂಬರ್ 8ರಿಂದ ಜಾರಿಯಲ್ಲಿದೆ. ಮೊದಲ ಉಪಾಯ, ದಡದ ನೀರನ್ನು ನಡುಗಡಲಲ್ಲಿ ಬದಲಿಸುವುದು. ದಡದ ಜೀವಿ ನಡುಗಡಲಲ್ಲಿ ಬದುಕುವುದು ಕಷ್ಟ, ಅಲ್ಲಿಯದು ದಡದಲ್ಲಿ. ಆದರೆ ಟ್ಯಾಂಕಿನ ತಳದ ಕೆಸರು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಈಗ ಹಡಗಿನಲ್ಲೇ ನೀರು ಸೋಸಿ, ನೇರಳಾತೀತ ಬೆಳಕು ಹಾಯಿಸುತ್ತಾರೆ, ಇಲ್ಲವೇ ಕ್ಲೋರಿನ್ ಬಳಸುತ್ತಾರೆ. ಹೊರಬಿಡುವ 1000 ಲೀಟರ್ ನೀರಿನಲ್ಲಿ, ಸಣ್ಣ ಕೂದಲೆಳೆಯ ದಪ್ಪದಷ್ಟು ಅಥವಾ ಅದಕ್ಕಿಂತ ದೊಡ್ಡ ಜೀವಿಗಳು ಜೀವಂತವಾಗಿ 10ಕ್ಕಿಂತ ಕಡಿಮೆ ಇರಬೇಕು.

ಸಮುದ್ರ ನಮಗೆ ದೂರ ಅನ್ನಬೇಡಿ. ಬೆಳಗಾವಿಯಿಂದ ಘಟ್ಟ ಇಳಿದರೆ ಗೋವಾದ ಬಂದರು. ನಮ್ಮ ಸಕ್ಕರೆ ಒಯ್ಯಲು ಖಾಲಿ ಬರುವ ಹಡಗು ಪರದೇಶದ ನೀರು ತುಂಬಿಕೊಂಡೇ ಬಂದಿರುತ್ತದೆ. ನೀರು ಎಲ್ಲಿ ತುಂಬಿದರು, ಎಲ್ಲಿ ಬಿಟ್ಟರು ಎಂದು ಬರೆದಿಡುವ ಪುಸ್ತಕ ಹಡಗಿನಲ್ಲಿ ಇರಲೇಬೇಕು. ಸಕ್ಕರೆ ಮಾರುವಾಗ ತೂಕ ಕೇಳುತ್ತೇವೆ, ದರ ಕೇಳುತ್ತೇವೆ. ಆ ಪುಸ್ತಕ ನೋಡಿದಿರಾ ಎಂದು ನಮ್ಮ ಕಾರ್ಖಾನೆಯವರು ಹಡಗಿನ ಏಜೆಂಟರನ್ನು ಕೇಳಲಿ. ನಮಸ್ಕಾರ.