ಬಿಳಿ ಮೇಲೆ, ಕೆಂಪು ಕೆಳಗೆ: ಫ್ರಾನ್ಸಿನ ಹಳ್ಳಿಗಾಡಿನ ನಾಲ್ಕು ಋತು

ಕೇಳುಗರೆಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಹಳ್ಳಿಯೊಂದರ ಚರ್ಚಿನ ಮುಂದೆ ನಿಂತು ಸುತ್ತ ಕಣ್ಣಾಡಿಸಿದರೆ ಕರೆಂಟು ಕಂಬದ ಮೇಲೋ, ಕಲ್ಲುಗೋಡೆಯ ಮೂಲೆಯಲ್ಲೋ, ಓಕ್ ಮರದ ತೊಗಟೆಯ ಮೇಲೋ ಬೆರಳುದ್ದದ ಬಣ್ಣದ ಪಟ್ಟೆ ಕಾಣುತ್ತದೆ. ಮೇಲೆ ಬಿಳಿ, ಕೆಳಗೆ ಕೆಂಪು ಇದ್ದರೆ ಅದು ದೂರದ ಕಾಲುದಾರಿ. ಅಲ್ಲಿಯವರು ಅದನ್ನು ಜಿ.ಆರ್. ಅನ್ನುತ್ತಾರೆ. ಹಳದಿಯ ಕೆಳಗೆ ಕೆಂಪು ಇದ್ದರೆ ಒಂದು ಸೀಮೆಯನ್ನು ಸುತ್ತಿಸಿ ತರುವ, ಹಲವು ದಿನಗಳ ದಾರಿ. ಬರೀ ಹಳದಿ ಇದ್ದರೆ ಬೆಳಿಗ್ಗೆ ಹೊರಟು ಸಂಜೆಯೊಳಗೆ ಅದೇ ಊರಿಗೆ ಮರಳಬಹುದು. ಎರಡು ಪಟ್ಟೆ ಅಡ್ಡಹಾಯ್ದು ಗುಣಾಕಾರದ ಗುರುತಾಗಿದ್ದರೆ, ಆ ಕಡೆ ಹೋಗಬೇಡಿ ಎಂದರ್ಥ. 1947ರಲ್ಲಿ ಲುವಾರ್ ನದಿಯ ದಂಡೆಯಲ್ಲಿ ಮೊದಲ ಗುರುತುಗಳು ಬಿದ್ದವು. ಈಗ ದೇಶದಲ್ಲಿ 1.8 ಲಕ್ಷ ಕಿಲೋಮೀಟರಿಗೂ ಹೆಚ್ಚು ಕಾಲುದಾರಿಗಳಿಗೆ ಇಂಥ ಗುರುತಿದೆ. ಬಣ್ಣ ಮಾಸಿದಂತೆಲ್ಲ ಮತ್ತೆ ಬಳಿಯುವವರು ಸಂಬಳವಿಲ್ಲದ ಸ್ವಯಂಸೇವಕರು. ಕುಂಚ, ಡಬ್ಬಿ, ತೊಗಟೆ ಉಜ್ಜುವ ಬ್ರಷ್ಷು ಹಿಡಿದು ಹೊರಡುವ ಆ ಜನರಿಗೆ ನಡೆಯುವವರೆಲ್ಲರೂ ಋಣಿಗಳು.

ದಾರಿ ತಪ್ಪುವುದು ಸಾಮಾನ್ಯವಾಗಿ ಕವಲಿನಲ್ಲಿ. ಮಾತಾಡುತ್ತ ಅಗಲ ದಾರಿಯನ್ನೇ ಹಿಡಿದುಬಿಡುತ್ತೇವೆ, ಗುರುತು ಮಾತ್ರ ಪಕ್ಕದ ಸಣ್ಣ ಓಣಿಗೆ ತಿರುಗಿರುತ್ತದೆ. ಕವಲು ದಾಟಿ ಸ್ವಲ್ಪ ದೂರದಲ್ಲೇ ಖಾತ್ರಿಗೆಂದು ಇನ್ನೊಂದು ಪಟ್ಟೆ ಇರುತ್ತದೆ. ಹತ್ತು ನಿಮಿಷ ನಡೆದರೂ ಅದು ಕಾಣದಿದ್ದರೆ ಅಡ್ಡದಾರಿ ಹುಡುಕುವ ಸಾಹಸ ಬೇಡ, ಕೊನೆಯ ಗುರುತಿಗೆ ಹಿಂದಿರುಗಿ. ಕೈಯಲ್ಲಿ 1:25,000 ಅಳತೆಯ ನಕ್ಷೆ ಇರಲಿ. ಅದರಲ್ಲಿ 4 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಸಮತಟ್ಟಿನಲ್ಲಿ ಗಂಟೆಗೆ 4 ಕಿಲೋಮೀಟರ್, ಏರಿನಲ್ಲಿ ಗಂಟೆಗೆ 300 ಮೀಟರ್ ಎತ್ತರ, ಇದು ಸಾಧಾರಣ ಲೆಕ್ಕ. ಊಟಕ್ಕೆ, ಸುಮ್ಮನೆ ನಿಂತು ನೋಡುವುದಕ್ಕೆ ಸಮಯ ಬೇರೆ ಸೇರಿಸಿಕೊಳ್ಳಿ.

ಹಳ್ಳಿಯಲ್ಲಿ ಅಂಗಡಿ ಸಿಗುತ್ತದೆಂಬ ಭರವಸೆಯಲ್ಲಿ ಬುತ್ತಿ ಬಿಟ್ಟು ಹೊರಡಬಾರದು. ಮಧ್ಯಾಹ್ನ 12ರಿಂದ 2ರವರೆಗೆ ಬಾಗಿಲು ಹಾಕಿರುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ, ಹಲವು ಕಡೆ ಸೋಮವಾರವೂ ರಜೆ. ವೇಳಾಪಟ್ಟಿಯಲ್ಲಿರುವ ಬಸ್ಸು ಎಷ್ಟೋ ಸಲ ಶಾಲೆ ನಡೆಯುವ ದಿನಗಳಲ್ಲಿ ಮಾತ್ರ ಓಡುತ್ತದೆ. ನೀರಿಗೆ ಮಾತ್ರ ಒಂದು ಉಪಾಯವುಂಟು: ಊರಿನ ಸ್ಮಶಾನ. ಸಮಾಧಿಗಳ ಮೇಲಿನ ಹೂಗಿಡಗಳಿಗೆ ನೀರುಣಿಸಲು ಅಲ್ಲಿ ನಲ್ಲಿ ಇಟ್ಟಿರುತ್ತಾರೆ. ನಲ್ಲಿಯ ಮೇಲೆ ‘ನೊಂ ಪೊತಾಬ್ಲ್’ ಎಂದು ಬರೆದಿದ್ದರೆ ಆ ನೀರು ಕುಡಿಯಲು ಅಲ್ಲ.

ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ. ಗುರುತಿರುವ ದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು. ಆದರೆ ದಾರಿಯಂಚಿನ ಮರ, ಆ ಮರದಡಿಯ ಕಾಯಿ, ಅಣಬೆ ಎಲ್ಲಕ್ಕೂ ಒಡೆಯರಿದ್ದಾರೆ. ಅಲ್ಲಿನ ಸಿವಿಲ್ ಕಾನೂನಿನ ಪ್ರಕಾರ ನೆಲ ಯಾರದೋ ಫಸಲೂ ಅವರದೇ. ಹುಲ್ಲುಗಾವಲಿನ ಗೇಟು ಮುಚ್ಚಿದ್ದರೆ, ದಾಟಿದ ಮೇಲೆ ಮತ್ತೆ ಮುಚ್ಚಬೇಕು.

ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಸಂಜೆ ಇದ್ದಕ್ಕಿದ್ದಂತೆ ಉದ್ದವಾಗುತ್ತದೆ. ಬೀಚ್ ಮರಗಳಿನ್ನೂ ಚಿಗುರಿರುವುದಿಲ್ಲ, ಬಿಸಿಲು ನೇರವಾಗಿ ಕಾಡಿನ ನೆಲಕ್ಕೆ ಇಳಿಯುತ್ತಿರುತ್ತದೆ. ಹಳ್ಳದ ಬದಿಯ ತೇವದಲ್ಲಿ ಹಸಿರು ಎಲೆಗಳ ಹಾಸು, ಕಾಲಿಟ್ಟರೆ ಬೆಳ್ಳುಳ್ಳಿಯ ಘಮಲು. ಇದು ಕರಡಿ ಬೆಳ್ಳುಳ್ಳಿ. ಈ ಎಲೆಯನ್ನು ಅರೆದು ಬ್ರೆಡ್ಡಿಗೆ ಸವರುತ್ತಾರೆ, ಸೂಪಿಗೆ ಹಾಕುತ್ತಾರೆ. ಅದೇ ನೆರಳಲ್ಲಿ ಮ್ಯೂಗೆ ಕೂಡ ಬೆಳೆಯುತ್ತದೆ. ಮೇ 1ರಂದು ಫ್ರಾನ್ಸಿನವರು ಶುಭ ಕೋರಿ ಒಬ್ಬರಿಗೊಬ್ಬರು ಕೊಡುವ ಬಿಳಿ ಗಂಟೆಹೂ ಅದೇ. ಗಿಡವಿಡೀ ವಿಷ, ಹೂದಾನಿಯ ನೀರೂ ವಿಷ. ತೇವದ ಹುಲ್ಲುಗಾವಲಿನಲ್ಲಿ ಬರುವ ಕೊಲ್ಶಿಕ್ ಎಂಬ ಗಿಡ ಇನ್ನೂ ಘೋರ. ಎರಡರ ಎಲೆಯೂ ನೋಡಲು ಕರಡಿ ಬೆಳ್ಳುಳ್ಳಿಯಂತೆಯೇ. ಕರಡಿ ಬೆಳ್ಳುಳ್ಳಿಯ ಪ್ರತಿ ಎಲೆಯೂ ತನ್ನದೇ ತೆಳು ತೊಟ್ಟಿನ ಮೇಲೆ ನೆಲದಿಂದ ಒಂಟಿಯಾಗಿ ಏಳುತ್ತದೆ. ಮ್ಯೂಗೆಯ ಎರಡು ಎಲೆ ಒಂದೇ ಕಾಂಡವನ್ನು ತಬ್ಬಿಕೊಂಡಿರುತ್ತವೆ. ಕೊಲ್ಶಿಕ್‌ನ ಎಲೆಗೆ ತೊಟ್ಟೇ ಇಲ್ಲ. ವಾಸನೆ ನೋಡಿದರೆ ಸಾಲದೇ ಎನ್ನಬಹುದು. ಮೊದಲ ನಾಲ್ಕು ಎಲೆ ಕಿತ್ತ ಮೇಲೆ ಬೆರಳೇ ಬೆಳ್ಳುಳ್ಳಿ ನಾರುತ್ತದೆ, ಆಮೇಲೆ ಮೂಗು ಎಲ್ಲ ಎಲೆಗೂ ಹೂಂಗುಟ್ಟುತ್ತದೆ. ಮುಷ್ಟಿಗಟ್ಟಲೆ ಬಾಚುವವರೇ ಆಸ್ಪತ್ರೆ ಸೇರುವುದು. ಒಂದೊಂದೇ ಎಲೆ, ತೊಟ್ಟು ನೋಡಿ ಕೀಳಬೇಕು.

ಚಳಿ ಕಳೆದೊಡನೆ ಉಣುಗುಗಳೂ ಏಳುತ್ತವೆ. ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಉಣುಗು ಎಂದರೆ ಏನೆಂದು ಹೇಳಬೇಕಿಲ್ಲ. ಅಲ್ಲಿನದು ಬೇರೆ ಜಾತಿ. ಅದು ಹರಡುವ ಲೈಮ್ ಕಾಯಿಲೆಗೆ ಕಾರಣ ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಹುಲ್ಲಿನಲ್ಲಿ ನಡೆದು ಬಂದ ದಿನ ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಎಣ್ಣೆ, ಸ್ಪಿರಿಟ್ಟು, ಬೆಂಕಿಕಡ್ಡಿ ಯಾವುದೂ ಬೇಡ. ಕೆಣಕಿದ ಉಣುಗು ತನ್ನ ಜೊಲ್ಲನ್ನು ಗಾಯದೊಳಕ್ಕೆ ಬಿಡುವ ಅಪಾಯವಿದೆ. ಔಷಧಿ ಅಂಗಡಿಯಲ್ಲಿ ಸಿಗುವ ಸೀಳುತುದಿಯ ಪುಟ್ಟ ಕೊಕ್ಕೆಯನ್ನು ಚರ್ಮಕ್ಕೆ ತಾಗಿಸಿ, ನಿಧಾನವಾಗಿ ತಿರುಗಿಸಿ ಬಿಡಿಸಬೇಕು. ಬಿಡಿಸಿದ ಮೇಲೆ ಗಾಯ ತೊಳೆಯಿರಿ, ತಾರೀಖು ಬರೆದಿಡಿ. ಒಂದು ತಿಂಗಳೊಳಗೆ ಅಲ್ಲಿ ಕೆಂಪು ಉಂಗುರ ಮೂಡಿ ಅಗಲವಾಗುತ್ತ ಹೋದರೆ ವೈದ್ಯರ ಹತ್ತಿರ ಹೋಗಲೇಬೇಕು.

ಬೇಸಿಗೆ ಬಂತೆಂದರೆ ಪ್ಯಾರಿಸ್ ಸುತ್ತ ಜೂನ್ ಕೊನೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ಸೂರ್ಯ ಮುಳುಗುತ್ತದೆ. ಪ್ರೊವಾನ್ಸ್‌ನ ವಾಲಾಂಸೋಲ್ ಪ್ರಸ್ಥಭೂಮಿಯಲ್ಲಿ ಲ್ಯಾವೆಂಡರ್ ತುಂಬಿ ನಿಲ್ಲುವುದು ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ, ಆಮೇಲೆ ಕೊಯ್ಲು. ಆಗಸ್ಟ್‌ನಲ್ಲಿ ಹೋದವರಿಗೆ ಕೂಳೆ ಸಾಲು ಸಿಗುತ್ತದೆ. ದಕ್ಷಿಣದಲ್ಲಿ ಈ ತಿಂಗಳುಗಳಲ್ಲಿ ಬೆಂಕಿಯದೇ ಭಯ. ಪೈನ್ ಕಾಡು ಒಣಗಿ, ಉತ್ತರದಿಂದ ಮಿಸ್ತ್ರಾಲ್ ಗಾಳಿ ಬೀಸಿದರೆ ಒಂದು ಕಿಡಿ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾರ್ಸೇ ಸುತ್ತಲಿನ ಗುಡ್ಡಗಳಿಗೆ ನಾಳೆ ಹೋಗಬಹುದೋ ಇಲ್ಲವೋ ಎಂಬುದನ್ನು ಜಿಲ್ಲಾಡಳಿತ ಹಿಂದಿನ ಸಂಜೆ ಬಣ್ಣದ ನಕ್ಷೆಯಲ್ಲಿ ತಿಳಿಸುತ್ತದೆ. ಅದನ್ನು ನೋಡದೆ ಬಸ್ಸು ಹತ್ತಬೇಡಿ. ಕಾಡಿನಿಂದ 200 ಮೀಟರ್ ಒಳಗೆ ಒಲೆ ಹೂಡುವಂತಿಲ್ಲ, ಮತ್ತು 2023ರ ಕಾನೂನಿನಂತೆ ಅಪಾಯದ ತಿಂಗಳುಗಳಲ್ಲಿ ಸಿಗರೇಟೂ ಹಚ್ಚುವಂತಿಲ್ಲ. ಹೊಗೆ ಕಂಡರೆ 112ಕ್ಕೆ ಕರೆ ಮಾಡಿ. ನಮ್ಮಲ್ಲಿರುವ ತುರ್ತು ಸಂಖ್ಯೆಯೇ ಅಲ್ಲಿಯೂ ಇದೆ.

ಆಲ್ಪ್ಸ್, ಪಿರೆನೀಸ್ ಹುಲ್ಲುಗಾವಲುಗಳಿಗೆ ಜೂನ್‌ನಲ್ಲಿ ಕುರಿಮಂದೆ ಏರುತ್ತವೆ. ಮಂದೆಯ ನಡುವೆ ಕುರಿಯಷ್ಟೇ ಬೆಳ್ಳಗಿನ ದೊಡ್ಡ ನಾಯಿ ಇರುತ್ತದೆ, ಹೆಸರು ಪಾತು. ತೋಳದಿಂದ ಮಂದೆ ಕಾಯುವುದು ಅದರ ಕಸುಬು. ಅದು ಬೊಗಳುತ್ತ ಬಂದರೆ ನಿಲ್ಲಿ, ಓಡಬೇಡಿ, ಕೋಲೆತ್ತಬೇಡಿ, ದಿಟ್ಟಿಸಬೇಡಿ. ಮೆಲುದನಿಯಲ್ಲಿ ಮಾತಾಡಿ. ಮೂಸಿ ನೋಡಿ ಸಮಾಧಾನವಾದ ಮೇಲೆ ಹಿಂದೆ ಸರಿಯುತ್ತದೆ. ಮಂದೆಯನ್ನು ಸೀಳಿಕೊಂಡು ಹೋಗದೆ ದೂರದಿಂದ ಬಳಸಿ ಹೋಗಿ. ಸೈಕಲ್ ಇದ್ದರೆ ಇಳಿದು ತಳ್ಳಿ. ರಾತ್ರಿ ಡೇರೆ ಹಾಕುವ ಆಸೆಯಿದ್ದರೆ, ಎಕ್ರಾಂ ಮತ್ತು ಮೆರ್ಕಾಂತೂರ್ ರಾಷ್ಟ್ರೀಯ ಉದ್ಯಾನಗಳಲ್ಲಿ ಸಂಜೆ 7ರಿಂದ ಬೆಳಿಗ್ಗೆ 9ರವರೆಗೆ ಅವಕಾಶವಿದೆ, ಅದೂ ರಸ್ತೆಯಿಂದ ಅಥವಾ ಉದ್ಯಾನದ ಗಡಿಯಿಂದ ಒಂದು ಗಂಟೆಯ ನಡಿಗೆಯಷ್ಟು ಒಳಗೆ.

ಫ್ರಾನ್ಸಿನ ಹಳ್ಳಿಗರು ಕಾಯುವುದು ಮಾತ್ರ ಶರತ್ಕಾಲಕ್ಕೆ. ಸೆಪ್ಟೆಂಬರ್‌ನಲ್ಲಿ ಒಳ್ಳೆ ಮಳೆ ಬಿದ್ದು ಚಳಿ ಜೋರಾಗದಿದ್ದರೆ, ವಾರ ಹತ್ತು ದಿನದಲ್ಲಿ ಓಕ್, ಚೆಸ್ಟ್‌ನಟ್ ಮರಗಳಡಿ ಸೆಪ್ ಎಂಬ ಅಣಬೆ ಏಳುತ್ತದೆ. ದಪ್ಪ ಕಾಲು, ಬನ್ನಿನಂಥ ಕಂದು ಟೋಪಿ, ಟೋಪಿಯಡಿ ಪದರಗಳ ಬದಲು ಸ್ಪಂಜಿನಂಥ ಸಣ್ಣ ರಂಧ್ರಗಳು. ಪೆರಿಗೊರ್, ಲಿಮುಝಾಂ ಸೀಮೆಯವರು ತಮ್ಮ ಜಾಗವನ್ನು ಸ್ವಂತ ಭಾವನಿಗೂ ಹೇಳುವುದಿಲ್ಲ. ಸರ್ಕಾರಿ ಕಾಡಿನಲ್ಲಿ ಮನೆಬಳಕೆಗೆ ತಲೆಗೆ 5 ಲೀಟರ್‌ನಷ್ಟು, ಅಂದರೆ ಒಂದು ಸಣ್ಣ ಬಕೆಟ್, ಕೀಳಲು ಸಾಮಾನ್ಯವಾಗಿ ಬಿಡುತ್ತಾರೆ. ಖಾಸಗಿ ಕಾಡಿನಲ್ಲಿ ಒಡೆಯರನ್ನು ಕೇಳಬೇಕು. ಬುಟ್ಟಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವತು ಗಂಟೆಗಳಲ್ಲೇ ಕೆಡುತ್ತದೆ.

ನಮ್ಮವರು ಇಲ್ಲಿ ಎಚ್ಚರವಾಗಿರಬೇಕು. ಭತ್ತದ ಹುಲ್ಲಿನ ಅಣಬೆ ನಮ್ಮಲ್ಲಿ ಪರಿಚಿತ. ಎಳೆಯದಿರುವಾಗ ಮೊಟ್ಟೆಯಂತೆ ಚೀಲದೊಳಗಿರುತ್ತದೆ, ಬಲಿತಾಗ ಬುಡದಲ್ಲಿ ಆ ಚೀಲ ಉಳಿಯುತ್ತದೆ. ಯೂರೋಪಿನ ಮಾರಕ ಅಣಬೆ ಅಮಾನಿತ್ ಫಲ್ಲೊಯ್ದ್ ಹುಟ್ಟುವುದೂ ಹಾಗೆಯೇ ಚೀಲದೊಳಗೆ. ಊರಿನ ನೆನಪಿನಲ್ಲಿ ಕಿತ್ತರೆ ಪ್ರಾಣಕ್ಕೇ ಸಂಚಕಾರ. ತಿರುವಿ ನೋಡಿ: ನಮ್ಮದರ ಪದರಗಳು ಬಲಿತಂತೆ ನಸುಗೆಂಪಾಗುತ್ತವೆ, ಕಾಲಿನಲ್ಲಿ ಉಂಗುರವಿಲ್ಲ. ಫಲ್ಲೊಯ್ದ್‌ನ ಪದರ ಕೊನೆವರೆಗೂ ಬಿಳಿ, ಕಾಲಿನ ಮೇಲ್ಭಾಗದಲ್ಲಿ ಲಂಗದಂಥ ಉಂಗುರ, ಬುಡದಲ್ಲಿ ಚೀಲ, ಟೋಪಿ ಹಳದಿಮಿಶ್ರಿತ ಹಸಿರು, ಕೆಲವೊಮ್ಮೆ ಪೂರ್ತಿ ಬಿಳಿ. ಮಳೆಗೆ ಉಂಗುರ ಉದುರಿರಬಹುದು. ಚಾಕುವಿನಿಂದ ನೆಲದ ಮೇಲೆ ಕತ್ತರಿಸಿದರೆ ಚೀಲ ಮಣ್ಣಿನಲ್ಲೇ ಉಳಿದು ಗುರುತೇ ಕಳೆದುಹೋಗುತ್ತದೆ. ಗೊತ್ತಿಲ್ಲದ ಅಣಬೆಯನ್ನು ಬುಡದ ಮಣ್ಣಿನ ಸಮೇತ ಎತ್ತಿ, ಉಳಿದವುಗಳ ಜೊತೆ ಬೆರೆಸದೆ ಬೇರೆ ಇಡಿ. ಮೊಟ್ಟೆಯಂತಿರುವುದನ್ನು ಮುಟ್ಟಲೇಬೇಡಿ.

ಬೇಯಿಸಿದರೂ ಒಣಗಿಸಿದರೂ ಆ ವಿಷ ಇಳಿಯುವುದಿಲ್ಲ. ತಿಂದು ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಮರುದಿನ ತುಸು ಸುಧಾರಿಸಿದಂತೆ ತೋರುತ್ತದೆ, ಅಷ್ಟರಲ್ಲಿ ಒಳಗೆ ಪಿತ್ತಜನಕಾಂಗ, ಅಂದರೆ ಲಿವರ್, ಹಾಳಾಗುತ್ತಿರುತ್ತದೆ. ಆ ಸುಧಾರಣೆಯನ್ನು ನಂಬಿ ಮನೆಯಲ್ಲಿ ಕೂರಬಾರದು. ವಾಂತಿ ಶುರುವಾದ ಕೂಡಲೇ ಅಲ್ಲಿನ ವೈದ್ಯಕೀಯ ತುರ್ತು ಸಂಖ್ಯೆ 15ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಬುಟ್ಟಿಯನ್ನು ಅಡುಗೆಗೆ ಮುಂಚೆ ಫೋಟೋ ತೆಗೆದಿಟ್ಟಿದ್ದರೆ ವೈದ್ಯರಿಗೆ ತುಂಬ ಸಹಾಯ. ಗುರುತು ಹೇಳುವ ಮೊಬೈಲ್ ಆ್ಯಪ್ ನಂಬಬೇಡಿ. ಫ್ರಾನ್ಸಿನ ಔಷಧಿ ವ್ಯಾಪಾರಿಗಳು ಓದುವಾಗ ಅಣಬೆಯನ್ನೂ ಕಲಿಯುತ್ತಾರೆ, ಅವರಲ್ಲಿ ಬಲ್ಲವರಿಗೆ ಅಥವಾ ಊರಿನ ಅಣಬೆ ಸಂಘಕ್ಕೆ ಬುಟ್ಟಿ ತೋರಿಸಿ. ಒಳ್ಳೆಯದೆಂದು ಖಚಿತವಾದ ಮೇಲೂ ಬಾಣಲೆಯಲ್ಲಿ 20ರಿಂದ 30 ನಿಮಿಷ ಬೇಯಿಸಿ, ಸ್ವಲ್ಪವೇ ತಿನ್ನಿ. ಚಿಕ್ಕ ಮಕ್ಕಳಿಗೆ ಕಾಡಿನ ಅಣಬೆ ಬೇಡ.

ಇದೇ ತಿಂಗಳಲ್ಲಿ ಬೇಟೆಯೂ ಶುರು. ಸೆಪ್ಟೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ, ಅದರಲ್ಲೂ ವಾರದ ಕೊನೆಯಲ್ಲಿ, ಕಾಡುಹಂದಿಗಾಗಿ ಬೇಟೆಗಾರರು ಸಾಲಾಗಿ ನಿಂತಿರುತ್ತಾರೆ. ದಾರಿಯ ಬದಿಯಲ್ಲಿ ‘ಶಾಸ್ ಆಂ ಕೂರ್’ ಎಂಬ ಫಲಕ ಕಂಡರೆ ಬೇಟೆ ನಡೆಯುತ್ತಿದೆ ಎಂದು ತಿಳಿದು ಬೇರೆ ದಾರಿ ಹಿಡಿಯಿರಿ. ಹೊಳೆಯುವ ಕಿತ್ತಳೆ ಬಣ್ಣದ ಅಂಗಿ ತೊಡಿ, ಕಂದು ಜಾಕೆಟ್ ಪೊದೆಯೊಳಗೆ ಪ್ರಾಣಿಯಂತೆ ಕಾಣುತ್ತದೆ. ಯಾವ ದಿನ ಎಲ್ಲಿ ಬೇಟೆ ಎಂದು ಹಳ್ಳಿಯ ಮೆರಿಯಲ್ಲಿ, ಅಂದರೆ ನಮ್ಮ ಪಂಚಾಯಿತಿ ಕಚೇರಿಯಂಥಲ್ಲಿ, ಕೇಳಬಹುದು.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದೆ ಬರುತ್ತದೆ. ಡಿಸೆಂಬರ್‌ನಲ್ಲಿ ಪ್ಯಾರಿಸ್ ಬಳಿ ಹಗಲು ಎಂಟೂಕಾಲು ಗಂಟೆಯಷ್ಟೇ, ಐದಕ್ಕೆಲ್ಲ ಕತ್ತಲು. ಮಧ್ಯಾಹ್ನ 3ರ ಹೊತ್ತಿಗೆ ವಾಪಸ್ಸಿನ ದಾರಿಯಲ್ಲಿರಬೇಕು. ತಲೆಗೆ ಕಟ್ಟುವ ದೀಪ, ಒಣ ಕಾಲುಚೀಲ, ಫ್ಲಾಸ್ಕಿನಲ್ಲಿ ಬಿಸಿ ಸೂಪು ಚೀಲದಲ್ಲಿರಲಿ. ಹತ್ತಿ ಬಟ್ಟೆ ಮೈಗೆ ತಾಗದಿರಲಿ, ಬೆವರು ಹೀರಿ ಒದ್ದೆಯಾಗಿ, ನಿಂತ ಕೂಡಲೇ ನಡುಕ ಹುಟ್ಟಿಸುತ್ತದೆ. ಜುರಾ, ವೆರ್ಕೋರ್ ಬೆಟ್ಟಗಳಲ್ಲಿ ಕಾಲಿಗೆ ಹಿಮಪಾದುಕೆ ಕಟ್ಟಿಕೊಂಡು ನಡೆಯುವವರು ಹೊರಡುವ ಮುನ್ನ ಹಿಮಕುಸಿತದ ಸೂಚನೆ ನೋಡುತ್ತಾರೆ. ಅದಕ್ಕೆ 1ರಿಂದ 5ರವರೆಗೆ ಅಂಕಗಳಿವೆ. 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಡಿದಾದ ಇಳಿಜಾರಿನ ಮೇಲೂ ಅದರ ಕೆಳಗೂ ಹೋಗಬಾರದು. ಅಲ್ಲಿ ಒಂದು ಮೀಟರ್ ಹಿಮ ಬಿದ್ದ ಮೇಲೆ ಮರದ ಬುಡಕ್ಕೆ ಬಳಿದ ಬಿಳಿ-ಕೆಂಪು ಪಟ್ಟೆ ಹಿಮದಡಿ ಮುಚ್ಚಿಹೋಗುತ್ತದೆ. ಆಗ ನೆಚ್ಚಬೇಕಾದದ್ದು ಹಿಮದ ದಾರಿಗೆಂದೇ ನೆಟ್ಟ ಎತ್ತರದ ಕಂಬಗಳನ್ನು. ಒಂದು ಕಂಬದ ಬಳಿ ನಿಂತಾಗ ಮುಂದಿನದು ಮಂಜಿನಲ್ಲಿ ಕಾಣದಿದ್ದರೆ, ಬಂದ ಹೆಜ್ಜೆಗುರುತಿನಲ್ಲೇ ಹಿಂದಿರುಗಬೇಕು.

ನಮಸ್ಕಾರ.